ಎಂಟು ಕಿಟಕಿ, ಆರು ಯಂತ್ರ

ಅವರು ತಾವಾಗಿಯೇ ಕೆಲಸ ಬಿಟ್ಟ ದಿನ ನಾನು ಕಚೇರಿಯಲ್ಲಿರಲಿಲ್ಲ. ಮರುದಿನ ಹೋದಾಗ ಅವರ ಮೇಜು ಒರೆಸಿ ಇಟ್ಟಂತಿತ್ತು. ಕೀಲಿಮಣೆಯ ಮೇಲೆ ಮಡಿಸಿದ ಒಂದು ಹಾಳೆ. ಯಾವ ಕಡತ ಎಲ್ಲಿದೆ, ಯಾವ ಪರೀಕ್ಷೆಯನ್ನು ನಂಬಬಹುದು, ಯಾವುದರ ಮೇಲೆ ತಮಗೆ ಇನ್ನೂ ಅನುಮಾನವಿದೆ ಎಂಬುದನ್ನಷ್ಟೇ ಅದರಲ್ಲಿ ಬರೆದಿದ್ದರು. ಬೀಳ್ಕೊಡುಗೆ ಬೇಡವೆಂದು ಮೊದಲೇ ಹೇಳಿದ್ದರಂತೆ. ಆದರೂ ತಂದ ಹಾರವನ್ನು ಕೊರಳಿಗೆ ಹಾಕಿಸಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡು, ಐದೂವರೆಯ ಹರಿಹರ ಬಸ್ಸಿಗೆ ಹೊತ್ತಾಗುತ್ತದೆಂದು ಮೆಟ್ಟಿಲಿಳಿದರಂತೆ. ಇದು ನಾನು ಕೇಳಿದ್ದು. ಮುಂದೆ ಬರೆಯುವುದರಲ್ಲಿ ಹೆಚ್ಚಿನದು ಕಂಡದ್ದು.

ಕಚೇರಿಯಲ್ಲಿ ಎಲ್ಲರೂ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಅವರಿಗಿಂತ ಹಿರಿಯರಾದ ಮಾಲೀಕರೂ ಹಾಗೇ ಕರೆಯುತ್ತಿದ್ದರು. ಮಾಲೀಕರ ಮೂಲ ಉದ್ಯೋಗ ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಅಕ್ಕಿ ಗಿರಣಿಯ ಬಿಡಿಭಾಗ ತಯಾರಿಕೆ. ಅಲ್ಲಿನ ರೂಢಿಯೇ ಇಲ್ಲಿಗೂ ಬಂದು, ಎಸ್.ಎಸ್. ಬಡಾವಣೆಯ ಮನೆಯೊಂದರ ಮೇಲ್ಮಹಡಿಯಲ್ಲಿದ್ದ ನಮ್ಮ ಹನ್ನೊಂದು ಜನರ ಸಾಫ್ಟ್‌ವೇರ್ ಕಚೇರಿಯಲ್ಲಿಯೂ ಅವರು ಸಾವ್ಕಾರ್ರೇ ಆಗಿದ್ದರು. ಸಂಘಗಳಿಗೆ, ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವುದು ಕಚೇರಿಯ ಕೆಲಸ. ನಾನಿದ್ದ ಪತ್ರಿಕೆಯ ಜಿಲ್ಲಾ ಆವೃತ್ತಿ ನಿಂತ ಮೇಲೆ, ಬಳಕೆದಾರರಿಗೆ ಕನ್ನಡದಲ್ಲಿ ಸೂಚನೆ ಬರೆಯುವವನಾಗಿ ಅಲ್ಲಿ ಸೇರಿದ್ದೆ. ಆಪಾ ಪರೀಕ್ಷಕರು. ಪ್ರೋಗ್ರಾಮರುಗಳು ಮಾಡಿದ್ದು ಸರಿಯಾಗಿ ನಡೆಯುತ್ತದೆಯೋ ಇಲ್ಲವೋ ಎಂದು ನೋಡಿ ಹೇಳುವವರು.

ನೋಡುತ್ತಿದ್ದದ್ದು ಕಣ್ಣಿನಿಂದಲ್ಲ. ಜಾವಾಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅವರು ಬರೆದಿಟ್ಟ ಪರೀಕ್ಷೆಗಳು ತಾವೇ ಬ್ರೌಸರ್ ತೆರೆದು, ತಾವೇ ಹೆಸರು ತುಂಬಿ, ಗುಂಡಿ ಒತ್ತಿ, ಬಂದ ಉತ್ತರ ಸರಿಯೋ ತಪ್ಪೋ ಎಂದು ಹಸಿರು ಅಥವಾ ಕೆಂಪು ಗೆರೆಯಲ್ಲಿ ತಿಳಿಸುತ್ತಿದ್ದವು. ಹರಿಹರದ ಖಾಸಗಿ ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಆಗಿದ್ದ ಅವರು ಈ ಭಾಷೆ ಕಲಿತದ್ದು ನಲವತ್ತೇಳನೆಯ ವಯಸ್ಸಿನಲ್ಲಿ. ಅವರ ತಂದೆ ಗಾದಿ ಹೊಲಿಯುವವರಾಗಿದ್ದರು ಎಂಬುದನ್ನು ಬಿಟ್ಟರೆ ಮನೆಯ ವಿಷಯ ನನಗೆ ತಿಳಿಯದು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ನಮ್ಮ ಪರಿಚಯ ಬೆಳೆದದ್ದು ಪರೀಕ್ಷೆಗಳ ಹೆಸರಿನಿಂದ. ಬೇರೆಯವರು ಪರೀಕ್ಷೆಗೆ ಒಂದು, ಎರಡು ಎಂದು ಅಂಕಿ ಹಾಕಿದರೆ ಇವರು ಪೂರ್ತಿ ವಾಕ್ಯ ಬರೆಯುತ್ತಿದ್ದರು. ರೈತರಿಗೆ ಯಂತ್ರ ಬಾಡಿಗೆ ಕೊಡುವ ವೆಬ್‌ಸೈಟಿಗೆ ಬರೆದವು ಹೀಗಿದ್ದವು: ‘ಜಮೀನು ನೋಂದಾಯಿಸದವರಿಗೆ ಯಂತ್ರ ಸಿಗಬಾರದು.’ ‘ರದ್ದು ಮಾಡಿದ ಗಂಟೆ ಬೇರೆಯವರಿಗೆ ಕೂಡಲೇ ಕಾಣಬೇಕು.’ ವಾಕ್ಯ ತಿದ್ದಿಸಿಕೊಳ್ಳಲು ನನ್ನ ಮೇಜಿಗೆ ಬರುತ್ತಿದ್ದರು. ಒಮ್ಮೆ ನಾನು ‘ಸಾಮಾನ್ಯವಾಗಿ’ ಎಂಬ ಪದ ಸೇರಿಸಿದ್ದೆ. ಅದನ್ನು ಅಲ್ಲೇ ಹೊಡೆದುಹಾಕಿ, ಹೌದು ಅಥವಾ ಅಲ್ಲ ಎನ್ನಲು ಬಾರದ ವಾಕ್ಯ ತಮಗೆ ಉಪಯೋಗವಿಲ್ಲವೆಂದರು. ಪತ್ರಿಕೆಯಲ್ಲಿ ನನ್ನ ಮೊದಲ ಮುಖ್ಯ ಉಪಸಂಪಾದಕರೂ ಆ ಪದ ಕಂಡರೆ ಹಾಗೇ ಮಾಡುತ್ತಿದ್ದರು.

ಪರೀಕ್ಷೆ ಶುರು ಮಾಡಿದ ಕೂಡಲೇ ಅವರು ಎರಡೂ ಕೈಗಳನ್ನು ಕೀಲಿಮಣೆಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ನಿಂತವರು ಮೌಸ್ ಮುಟ್ಟಲು ಹೋದರೆ, “ಕೈ ತೆಗೀರಿ, ಅದೇ ಹೇಳ್ಲಿ,” ಎನ್ನುತ್ತಿದ್ದರು. ಬೆಳಗ್ಗೆ ಒಂಬತ್ತಕ್ಕೆ ಬಂದು ಶುರು ಮಾಡಿದರೆ, ಒಂದರ ಹಿಂದೊಂದು ನಡೆದು ಕೊನೆಯ ಪರೀಕ್ಷೆ ಮುಗಿಯುವಾಗ ಎರಡು ಗಂಟೆ. ಅಷ್ಟರಲ್ಲಿ ಪ್ರೋಗ್ರಾಮರುಗಳು ಊಟ ಮುಗಿಸಿ ಬೇರೇನೋ ಬದಲಿಸಿರುತ್ತಿದ್ದರು. ಬೆಳಗಿನ ಫಲಿತಾಂಶ ಹಳಸಿದಂತೆಯೇ. ಆದ್ದರಿಂದ ಅವರು ಎಂಟು ಬ್ರೌಸರುಗಳನ್ನು ಒಟ್ಟಿಗೆ ತೆರೆದು, ಪರೀಕ್ಷೆಗಳನ್ನು ಹಂಚಿ, ಏಕಕಾಲಕ್ಕೆ ಓಡಿಸುವ ಏರ್ಪಾಡಿಗೆ ಕೈಹಾಕಿದರು. ಯಾರೂ ಕೇಳಿರಲಿಲ್ಲ. ದಿನದ ಕೆಲಸ ಮುಗಿಸಿ ಉಳಿದ ಗಂಟೆ, ಅರ್ಧ ಗಂಟೆಯಲ್ಲಿ ನಾಲ್ಕು ತಿಂಗಳು ಮಾಡಿದರು.

ಆಗ ಕಚೇರಿಯ ಕೈಯಲ್ಲಿದ್ದ ದೊಡ್ಡ ಕೆಲಸ ಮಲೆಬೆನ್ನೂರಿನ ಕಡೆಯ ರೈತರ ಸಂಘವೊಂದರದು. ಸಂಘದ ಬಳಿ ಭತ್ತ ಕೊಯ್ಯುವ ಆರು ಯಂತ್ರಗಳಿದ್ದವು. ಸದಸ್ಯರಿಗೆ ಅವನ್ನು ಗಂಟೆಯ ಲೆಕ್ಕದಲ್ಲಿ ಕೊಡುತ್ತಿದ್ದರು. ಪುಸ್ತಕದಲ್ಲಿ ಬರೆಯುತ್ತಿದ್ದ ಬುಕಿಂಗ್ ಇನ್ನು ಮೊಬೈಲಿನಲ್ಲಿ ಆಗಬೇಕು, ಅದೂ ಆ ಸುಗ್ಗಿಗೇ.

ಎಂಟು ಬ್ರೌಸರ್ ಕಿಟಕಿಗಳು ಮೊದಲ ಬಾರಿ ಒಟ್ಟಿಗೆ ತೆರೆದ ದಿನ ಪರದೆಯ ತುಂಬ ಕೆಂಪು ಗೆರೆ. ಎರಡನೆಯ ದಿನವೂ ಹಾಗೇ, ಮೂರನೆಯ ದಿನ ಬೇರೆ ಬೇರೆ ಕಡೆ ಕೆಂಪು. ಶನಿವಾರದ ಸಭೆಯಲ್ಲಿ ಆಪಾ ಎದ್ದು, ಮುಖ್ಯ ಪ್ರೋಗ್ರಾಮರನ ಕೆಲಸದಲ್ಲಿ ದೊಡ್ಡ ದೋಷವಿದೆ, ಒಟ್ಟಿಗೆ ನಾಲ್ಕು ಜನ ಬಂದರೆ ಅದು ತಡೆಯುವುದಿಲ್ಲ ಎಂದರು. ಪ್ರೋಗ್ರಾಮರ್ ಇಲ್ಲಿಯ ಕಾಲೇಜಿನಲ್ಲೇ ಓದಿದವನು, ಕೆಲಸದಲ್ಲಿ ಚುರುಕು, ಮಾತು ಖಾರ. ಅಂದು ಎಲ್ಲರೆದುರು ಸಾವ್ಕಾರ್ರಿಂದ ಬೈಸಿಕೊಂಡ.

ತಪ್ಪು ಆಪಾ ಅವರದೇ ಆಗಿತ್ತು. ಕಚೇರಿಯಲ್ಲಿ ಮೊದಲ ದಿನದಿಂದಲೂ ಒಬ್ಬ ಹುಸಿ ರೈತನಿದ್ದ. ಪ್ರೋಗ್ರಾಂ ಪರೀಕ್ಷಿಸಲು ಯಾರೋ ಹುಟ್ಟಿಸಿದ ಹೆಸರು, ಬಸಪ್ಪ. ಎರಡು ಎಕರೆ ಗದ್ದೆ, ಒಂದು ಮೊಬೈಲ್ ಸಂಖ್ಯೆ. ಎಲ್ಲರೂ ಅವನನ್ನೇ ಬಳಸುತ್ತಿದ್ದರು, ಆಪಾ ಅವರ ಎಲ್ಲ ಪರೀಕ್ಷೆಗಳೂ ಅವನ ಹೆಸರಿನಲ್ಲೇ ಇದ್ದವು. ಒಂದರ ಹಿಂದೊಂದು ನಡೆಯುವಾಗ ತೊಂದರೆಯಿರಲಿಲ್ಲ. ಎಂಟು ಒಟ್ಟಿಗೆ ನಡೆದಾಗ, ಒಂದು ಕಿಟಕಿಯಲ್ಲಿ ಬಸಪ್ಪ ತನ್ನ ಗದ್ದೆಯನ್ನು ಪಟ್ಟಿಯಿಂದ ತೆಗೆಸುತ್ತಿದ್ದ. ಅದೇ ಕ್ಷಣ ಇನ್ನೊಂದರಲ್ಲಿ ಅದೇ ಗದ್ದೆಗೆ ಯಂತ್ರ ಕೇಳುತ್ತಿದ್ದ. ಮೂರನೆಯದರಲ್ಲಿ ಅವನ ಗುಪ್ತಪದ ಬದಲಾಗಿ ಉಳಿದೈದು ಬಸಪ್ಪರು ಬಾಗಿಲಲ್ಲಿ ನಿಲ್ಲುತ್ತಿದ್ದರು.

ಸೋಮವಾರ ಎಲ್ಲರಿಗಿಂತ ಮೊದಲು ಬಂದ ಆಪಾ ಗೋಡೆಯ ಬಿಳಿ ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದರು: ‘ಶನಿವಾರ ನಾನು ಹೇಳಿದ್ದು ತಪ್ಪು. ಪ್ರೋಗ್ರಾಂ ಸರಿ ಇತ್ತು. ನನ್ನ ಪರೀಕ್ಷೆಗಳು ಒಂದನ್ನೊಂದು ಕೆಡಿಸುತ್ತಿದ್ದವು.’ ಕೆಳಗೆ ಸಹಿ, ಅದರ ಕೆಳಗೆ ‘ಒಂದು ವಾರ ಅಳಿಸಬೇಡಿ.’ ಪತ್ರಿಕೆಯಲ್ಲಿದ್ದಷ್ಟು ಕಾಲ ನಾನು ತಿದ್ದುಪಡಿಗಳನ್ನು ಒಳಪುಟದ ಮೂಲೆಗೇ ಕಳಿಸಿದ್ದೆ. ಮುಖಪುಟದ ತಪ್ಪಿಗೆ ಮುಖಪುಟದಲ್ಲೇ ತಿದ್ದುಪಡಿ ಬಂದದ್ದನ್ನು ನೋಡಿದ್ದು ಅದೊಂದೇ ಸಲ.

ಪ್ರೋಗ್ರಾಮರ್ ಆ ವಾರವಿಡೀ ಬಿಡಲಿಲ್ಲ. ಚಹಾಕ್ಕೆ ಎದ್ದಾಗಲೆಲ್ಲ ಹಲಗೆ ನೋಡಿ, “ಆಪಾ, ನಿಮ್ಮ ಬಸಪ್ಪ ಆರಾಮಿದಾನಾ? ಎಂಟು ಮೈ ಇದ್ದವಗೆ ಊಟಕ್ಕೆ ಏನ್ ಹಾಕ್ತೀರಿ?” ಎನ್ನುತ್ತಿದ್ದ. ಅವರು, “ಹಂಚಿ ಹಾಕ್ತೀನಪ್ಪ, ನೀ ಕುಡಿ ಚಹಾ,” ಎಂದು ಕೆಲಸ ಮುಂದುವರಿಸುತ್ತಿದ್ದರು. ಪ್ರತಿ ಕಿಟಕಿಗೂ ಅದರದೇ ರೈತನನ್ನು ಹುಟ್ಟಿಸಿದರು. ಬಸಪ್ಪ, ರಹಮತ್, ಗಂಗಮ್ಮ ಹೀಗೆ ಎಂಟು ಜನ. ಅವರವರ ಜಮೀನು, ಅವರವರ ಮೊಬೈಲು. ಪರೀಕ್ಷೆ ಮುಗಿದ ಮೇಲೆ ಪ್ರತಿಯೊಬ್ಬರೂ ತಾವು ಮಾಡಿದ್ದನ್ನು ತಾವೇ ಅಳಿಸಿ ಹೋಗಬೇಕು. ಐದು ಗಂಟೆಯ ಕೆಲಸ ಮುಕ್ಕಾಲು ಗಂಟೆಗೆ ಇಳಿಯಿತು. ಪರದೆ ಹಸಿರಾಯಿತು.

ಒಂದನ್ನು ಬಿಟ್ಟು. ‘ಒಂದು ಗಂಟೆಗೆ ಒಂದು ಯಂತ್ರ ಒಬ್ಬರಿಗೇ’ ಎಂಬ ಪರೀಕ್ಷೆ ಬಹುಪಾಲು ಹಸಿರಾಗಿರುತ್ತಿತ್ತು. ಎಲ್ಲೋ ಇಪ್ಪತ್ತು ಸಲಕ್ಕೊಮ್ಮೆ ಕೆಂಪು. ಅದನ್ನೇ ಒಂಟಿಯಾಗಿ ಓಡಿಸಿದರೆ ಮತ್ತೆ ಹಸಿರು. ಪ್ರೋಗ್ರಾಮರ್ ಸುಲಭದ ದಾರಿ ತೋರಿಸಿದ: ಪರೀಕ್ಷೆ ಬಿದ್ದರೆ ತಾನಾಗಿ ಇನ್ನೆರಡು ಸಲ ಓಡುವಂತೆ ಮಾಡಿ, ಯಾವುದಾದರೂ ಒಂದು ಸಲ ಗೆದ್ದರೆ ಸಾಕು. ಎಲ್ಲ ಕಡೆ ಹಾಗೇ ಮಾಡುತ್ತಾರೆ ಎಂದ.

“ಎರಡು ಸಲ ಕೇಳಿದ್ರೆ ಯಾರಾದ್ರೂ ಹೂಂ ಅಂತಾರೆ,” ಎಂದರು ಆಪಾ. “ಮೊದಲ್ನೇ ಸಲ ಯಾಕ ಇಲ್ಲ ಅಂತು, ಅದು ಹೇಳು.”

ಹಸ್ತಾಂತರದ ಶುಕ್ರವಾರಕ್ಕೆ ಒಂದು ವಾರವಿತ್ತು. ಸಂಘಕ್ಕೆ ಕೊಡುವ ದಾಖಲೆ ಬರೆಯುವುದು ನನ್ನ ಕೆಲಸ; ಅದರಲ್ಲಿ ‘ತಿಳಿದಿರುವ ದೋಷಗಳು’ ಎಂಬ ಒಂದು ಸಾಲಿರುತ್ತದೆ. ಅಲ್ಲಿ ‘ಇಲ್ಲ’ ಎಂದು ಹಾಕಲು ಸಾವ್ಕಾರ್ರು ಹೇಳಿದ್ದರು. ನಾನು ಆಪಾ ಅವರನ್ನು ಕೇಳಿದೆ. ತಾವು ಕಂಡದ್ದನ್ನು ಬರೆಯಿರಿ ಎಂದು ಒಂದು ಚೀಟಿ ಕೊಟ್ಟರು. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ, ಯಾವ ಇಬ್ಬರಿಗೆ ಒಂದೇ ಯಂತ್ರ ಸಿಕ್ಕಿತು ಎಂಬ ನಾಲ್ಕು ಉದಾಹರಣೆಗಳು. ಹಾಗೇ ಬರೆದೆ. ದಾಖಲೆ ಓದಿದ ಸಾವ್ಕಾರ್ರು ಪ್ರೋಗ್ರಾಮರನೂ ಸೇರಿ ನಮ್ಮ ಮೂವರನ್ನೂ ಕರೆಸಿದರು.

ಪ್ರೋಗ್ರಾಮರನ ವಾದ ಸರಳವಾಗಿತ್ತು. ಹಿಂದಿನ ಸಲವೂ ಆಪಾ ಹೀಗೇ ಹೇಳಿದ್ದರು, ಕೊನೆಗೆ ತಪ್ಪು ಅವರ ಪರೀಕ್ಷೆಯದಾಗಿತ್ತು. ಎಂಟು ಜನಕ್ಕೆ ಎಂಟು ಜಮೀನು ಕೊಟ್ಟಂತೆ ಎಂಟು ಯಂತ್ರವನ್ನೂ ಕೊಟ್ಟರೆ ಈ ಕೆಂಪೂ ಹೋಗುತ್ತದೆ. ಇಲ್ಲವಾದರೆ ಈ ಒಟ್ಟಿಗೆ ಓಡಿಸುವ ಏರ್ಪಾಡನ್ನೇ ಬಿಟ್ಟು ಮೊದಲಿನಂತೆ ಒಂದೊಂದಾಗಿ ನಡೆಸಲಿ.

“ಯಂತ್ರಾನೂ ಬ್ಯಾರೆ ಬ್ಯಾರೆ ಕೊಟ್ರೆ ಕೆಂಪು ಹೋಗ್ತೈತೆ. ಖರೆ,” ಎಂದರು ಆಪಾ. “ಆದ್ರೆ ಸಂಘದಾಗೆ ಇರಾದು ಆರು. ಹೊಲ ಅವರವರದು, ಫೋನ್ ಅವರವರದು. ಮಷಿನ್ ಮಾತ್ರ ಎಲ್ಲಾರದು. ಅದನ್ನ ನಾನು ಹೆಂಗೆ ಬ್ಯಾರೆ ಮಾಡ್ಲಿ?”

ಸಾವ್ಕಾರ್ರು ಹತ್ತು ದಿನ ಕೊಡುವುದಾಗಿ ಹೇಳಿದರು. ಸುಗ್ಗಿ ಅದಕ್ಕಿಂತ ಹೆಚ್ಚು ಕಾಯುವುದಿಲ್ಲ. ಹತ್ತು ದಿನದಲ್ಲಿ ದೋಷ ಪ್ರೋಗ್ರಾಮಿನದೇ ಎಂದು ಸಾಬೀತಾದರೆ ಸರಿ. ಈ ಸಲವೂ ಪರೀಕ್ಷೆಯದೇ ಎಂದಾದರೆ, ಅಥವಾ ಬುಕಿಂಗ್ ಶುರುವಾದ ದಿನ ಗಲಾಟೆಯಾದರೆ, ಕಚೇರಿಗೆ ಪರೀಕ್ಷಕರು ಬೇಡ. ಆ ಮಾತನ್ನು ಅವರು ನಮ್ಮ ಮೂವರಲ್ಲಿ ಯಾರ ಮುಖವನ್ನೂ ನೋಡದೆ ಹೇಳಿದರು. ಆಪಾ “ಆತ್ರಿ” ಎಂದರು.

ಮರುದಿನ ಅವರು ಕಚೇರಿಗೆ ಬರಲಿಲ್ಲ. ಹರಿಹರದಿಂದ ದಾವಣಗೆರೆಯ ಬಸ್ಸಿನ ಬದಲು ಮಲೆಬೆನ್ನೂರಿನ ಬಸ್ಸು ಹತ್ತಿದ್ದರು. ಆ ದಿನ ಸಂಘದ ಹಳೆಯ ಪುಸ್ತಕದಲ್ಲಿ ಬುಕಿಂಗ್ ನಡೆಯುವ ದಿನ. ಅವರು ಅಲ್ಲಿ ಕಂಡದ್ದನ್ನು ಮಾರನೆಯ ಬೆಳಗ್ಗೆ ಪ್ರೋಗ್ರಾಮರನಿಗೆ ಹೇಳಿದರು; ನಾನು ಅಲ್ಲೇ ಇದ್ದೆ.

ಏಳು ಗಂಟೆಗೆ ಬಾಗಿಲು ತೆಗೆದಾಗ ಸಾಲು ಎಂಬುದಿರಲಿಲ್ಲವಂತೆ. ಮೇಜಿನ ಸುತ್ತ ಮೂವತ್ತು ಜನ, ಎಲ್ಲರದೂ ಒಟ್ಟಿಗೆ ಮಾತು. ಸಂಘದ ಕಾರ್ಯದರ್ಶಿ ವಯಸ್ಸಾದವರು. ಯಾರದೋ ಒಬ್ಬರ ಮಾತು ಹಿಡಿದು, ಎಡಗೈಯನ್ನು ಮೇಲೆತ್ತುತ್ತಾರೆ. ಕೈ ಎತ್ತಿದರೆ ಎಲ್ಲರೂ ಬಾಯಿ ಮುಚ್ಚಬೇಕು. ‘ಮೂರನೇ ಮಷಿನ್ನು, ಬುಧವಾರ, ಹತ್ತು ಗಂಟೆ’ ಎಂದು ಗಟ್ಟಿಯಾಗಿ ಓದಿ, ಆ ಗಂಟೆಯ ಚೌಕ ಖಾಲಿ ಇದೆಯೇ ಎಂದು ಪುಸ್ತಕ ನೋಡಿ, ಹೆಸರು ಬರೆದು ಮುಗಿಸುವ ತನಕ ಕೈ ಇಳಿಯುವುದಿಲ್ಲ. ಆ ಹೊತ್ತಿನಲ್ಲಿ ಸಂಘದ ಅಧ್ಯಕ್ಷರು ಬಂದರೂ ಮಾತಾಡುವಂತಿಲ್ಲ. ಒಂದು ವರ್ಷ ಕಾರ್ಯದರ್ಶಿ ರಜೆಯಲ್ಲಿದ್ದಾಗ ಪುಸ್ತಕ ನೋಡಿಕೊಂಡವರು ಕೈ ಎತ್ತಲಿಲ್ಲವಂತೆ. ಕೇಳಿದವರಿಗೆ ಖಾಲಿ ಇದೆ ಎಂದು ಹೇಳುತ್ತ, ಆಮೇಲೆ ಬರೆಯುತ್ತ ಹೋದರು. ಬುಧವಾರ ಒಂದೇ ಯಂತ್ರಕ್ಕೆ ಇಬ್ಬರು ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಯಂತ್ರ ಯಾರ ಗದ್ದೆಗೂ ಹೋಗದಂತೆ ಅದರ ಮುಂದೆ ಸಂಜೆಯವರೆಗೆ ಕೂತರು. ಆಮೇಲೆ ಮಳೆ ಬಂತು. ಇಬ್ಬರ ಭತ್ತವೂ ಮಲಗಿತು.

ಇಷ್ಟು ಹೇಳಿ ಆಪಾ ತಮ್ಮ ಎಡಗೈ ಎತ್ತಿ ಹಿಡಿದರು.

“ಇದು ಎಲ್ಲೈತಪ್ಪ, ನಿನ್ನ ಪ್ರೋಗ್ರಾಂನಾಗೆ?”

ಪ್ರೋಗ್ರಾಮರ್ ತನ್ನ ಪರದೆಯತ್ತ ತಿರುಗಿ, ಬುಕಿಂಗ್ ಮಾಡುವ ಭಾಗ ತೆರೆದು, ಮೇಲಿಂದ ಕೆಳಗೆ ಓದಿದ. ಮತ್ತೊಮ್ಮೆ ಓದಿದ. ಅವನ ಪ್ರೋಗ್ರಾಂ ಗಂಟೆ ಖಾಲಿ ಇದೆಯೇ ಎಂದು ಒಮ್ಮೆ ನೋಡಿ, ಖಾಲಿ ಎಂದು ತೋರಿಸಿ, ರೈತ ಜಮೀನಿನ ವಿವರ ತುಂಬುವವರೆಗೆ ಕಾದು, ಆಮೇಲೆ ಹೆಸರು ಬರೆಯುತ್ತಿತ್ತು. ಬರೆಯುವ ಮುನ್ನ ಮತ್ತೆ ನೋಡುತ್ತಿರಲಿಲ್ಲ. ಆ ನಡುವೆ ಇನ್ನೊಬ್ಬರು ಅದೇ ಗಂಟೆಗೆ ಹೆಸರು ಬರೆದರೆ ತಡೆಯುವವರಿರಲಿಲ್ಲ. ಒಬ್ಬರೇ ಬಂದರೆ ಎಂದೂ ಕಾಣದ ದೋಷ. ಒಟ್ಟಿಗೆ ಎಂಟು ಜನ ಬಂದದ್ದರಿಂದ, ಅದೂ ಆರೇ ಯಂತ್ರಕ್ಕೆ ಬಂದದ್ದರಿಂದ ಕಂಡಿತ್ತು.

“ಇಲ್ಲ ಆಪಾ,” ಎಂದ. “ಕೈ ಇಲ್ಲ.”

ಅವನ ಒಳ್ಳೆಯ ಗುಣವನ್ನೂ ದಾಖಲಿಸಬೇಕು. ಆ ದಿನ ಮಧ್ಯಾಹ್ನ ಅವನು ತಾನೇ ಸಾವ್ಕಾರ್ರ ಬಳಿ ಹೋಗಿ, ದೋಷ ತನ್ನದೆಂದು ಹೇಳಿಬಂದ. ನೋಡುವುದು, ಬರೆಯುವುದು ಎರಡೂ ಒಂದೇ ಹೆಜ್ಜೆಯಲ್ಲಿ ಆಗುವಂತೆ, ಆ ಹೆಜ್ಜೆ ಮುಗಿಯುವ ತನಕ ಆ ಗಂಟೆಯನ್ನು ಇನ್ನೊಬ್ಬರು ಮುಟ್ಟದಂತೆ ಮಾಡಲು ಅವನಿಗೆ ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಆಪಾ ಪರೀಕ್ಷೆಯನ್ನು ಇನ್ನೂ ಕಟುವಾಗಿಸಿದ್ದರು. ಎಂಟು ಕಿಟಕಿಗಳೂ ಒಂದೇ ಯಂತ್ರ, ಒಂದೇ ಗಂಟೆಗೆ, ಒಂದೇ ಕ್ಷಣಕ್ಕೆ ಗುಂಡಿ ಒತ್ತಬೇಕು. ಒಬ್ಬರಿಗೆ ಸಿಗಬೇಕು. ಏಳು ಜನಕ್ಕೆ ಇಲ್ಲ ಎಂಬ ಸ್ಪಷ್ಟ ಉತ್ತರವೂ, ಮುಂದಿನ ಖಾಲಿ ಗಂಟೆ ಯಾವುದೆಂಬ ಸೂಚನೆಯೂ ಬರಬೇಕು. ಆ ಇಲ್ಲ ಎಂಬ ಉತ್ತರದ ವಾಕ್ಯವನ್ನು ನನ್ನಿಂದ ಮೂರು ಸಲ ಬರೆಸಿದರು. ಮೊದಲಿನೆರಡರಲ್ಲಿ ವಿಷಾದ ಹೆಚ್ಚಾಯಿತು, ವಿಷಯ ಕಡಿಮೆಯಾಯಿತು ಎಂದರು.

ತಿದ್ದಿದ ಪ್ರೋಗ್ರಾಂ ಬಂದ ದಿನ ಇನ್ನೂರು ಸಲ ಓಡಿಸಿದರು. ಕೈಗಳು ಮಡಿಲಲ್ಲಿ. ಪ್ರತಿ ಸಲವೂ ಒಂದು ಸಿಕ್ಕಿದ್ದು, ಏಳು ಸಿಗದ್ದು. ಇನ್ನೂರನೆಯದು ಮುಗಿದಾಗ ಪ್ರೋಗ್ರಾಮರ್ ಕುರ್ಚಿ ಹಿಂದೆ ಸರಿಸಿ ಎದ್ದ.

“ಕೂಡಪ್ಪ,” ಎಂದರು ಆಪಾ. “ಇನ್ನೊಂದು ನೂರು.”

ಬುಕಿಂಗ್ ಶುರುವಾಗುವ ಸೋಮವಾರ ಸಾವ್ಕಾರ್ರು ಆಪಾ ಅವರನ್ನು ಮಲೆಬೆನ್ನೂರಿಗೆ ಕಳಿಸಿದರು. ಗಲಾಟೆಯಾದರೆ ಉತ್ತರ ಕೊಡಲು ಅವರೇ ಅಲ್ಲಿರಲಿ ಎಂಬುದು ಸಾವ್ಕಾರ್ರ ಮಾತು. ಜನರಿಗೆ ಬಳಕೆ ಹೇಳಿಕೊಡಲೆಂದು ನಾನೂ ಹೋದೆ. ಸಂಘದ ಮುಂದೆ ಟ್ರ್ಯಾಕ್ಟರುಗಳು, ಬೈಕುಗಳು. ಮೊಬೈಲಿನಲ್ಲಿ ಮನೆಯಿಂದಲೇ ಮಾಡಬಹುದೆಂದು ಊರೂರಿಗೆ ಹೇಳಿದ್ದರೂ ಬಹಳ ಜನ ಕೈಯಲ್ಲಿ ಮೊಬೈಲ್ ಹಿಡಿದು ಕಚೇರಿಗೇ ಬಂದಿದ್ದರು. ಕಾರ್ಯದರ್ಶಿ ಹಳೆಯ ಪುಸ್ತಕವನ್ನು ಮೇಜಿನ ಮೇಲೆ ಮುಚ್ಚಿ ಇಟ್ಟುಕೊಂಡು, ಬೇಕಾದರೆ ಇರಲಿ ಎಂಬಂತೆ ಕೂತಿದ್ದರು. ಆಪಾ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಏಳಕ್ಕೆ ಐದು ನಿಮಿಷವಿದ್ದಾಗ ಅವರು ಕನ್ನಡಕ ಒರೆಸಿಕೊಂಡದ್ದನ್ನು ಬಿಟ್ಟರೆ ಬೇರೆ ಚಲನೆ ನಾನು ಕಾಣಲಿಲ್ಲ.

ಏಳಾಯಿತು. ಹೊರಗೂ ಒಳಗೂ ಎಲ್ಲರ ತಲೆ ಒಮ್ಮೆಲೇ ಬಗ್ಗಿತು. ಮಾತೇ ಇಲ್ಲ, ಬರೀ ಹೆಬ್ಬೆರಳು. ಎರಡು ಮೂರು ನಿಮಿಷದ ಮೇಲೆ ಅಲ್ಲೊಂದು ಇಲ್ಲೊಂದು “ಆತು” ಎಂಬ ದನಿ ಕೇಳಿಬಂತು.

ಆಮೇಲೆ ನಲವತ್ತರ ಆಸುಪಾಸಿನ ಒಬ್ಬರು ಜನರನ್ನು ಸರಿಸಿಕೊಂಡು ಮೇಜಿಗೆ ಬಂದು, ಮೊಬೈಲನ್ನು ಕಾರ್ಯದರ್ಶಿಯ ಮುಖಕ್ಕೆ ಹಿಡಿದರು. ತಾವು ಸರಿಯಾಗಿ ಏಳಕ್ಕೇ ಒತ್ತಿದ್ದಾಗಿಯೂ, ಮೂರನೆಯ ಯಂತ್ರ ಬುಧವಾರ ಬೆಳಗ್ಗೆ ಪಕ್ಕದ ಗದ್ದೆಯವನಿಗೆ ಹೋಗಿದೆಯೆಂದೂ, ಅವನು ತಮ್ಮ ಬೆನ್ನಿಗೇ ನಿಂತು ಒತ್ತಿದವನೆಂದೂ ಹೇಳಿದರು. ಆಳುಗಳಿಗೆ ಬುಧವಾರ ಎಂದು ಹೇಳಿಬಿಟ್ಟಿದ್ದರು. ಕಾರ್ಯದರ್ಶಿ ಗದ್ದದಿಂದಲೇ ಮೂಲೆಯ ಕುರ್ಚಿಯತ್ತ ತೋರಿಸಿದರು. ಸುತ್ತ ಜನ ಸೇರಿತು.

“ನೀವೇನ್ರಿ ಇದನ್ನ ಮಾಡಿದ್ದು? ಒಂದೇ ಟೈಮಿಗೆ ಒತ್ತೀವಿ. ಅವಗೆ ಸಿಕ್ಕೈತೆ, ನನಗ ಯಾಕ ಇಲ್ಲ?”

ಆ ರೈತರ ಮೊಬೈಲನ್ನು ಆಪಾ ತೆಗೆದುಕೊಂಡು, ಪರದೆಯ ಮೇಲಿನ ವಾಕ್ಯವನ್ನು ಓದಿ, ಹಿಂದಿರುಗಿಸಿದರು. “ಒಂದೇ ಮಷಿನ್ರಿ. ಇಬ್ರಿಗೂ ಹೂಂ ಅಂದಿದ್ರೆ ಈಗ ಖುಷಿಲೆ ಮನಿಗೆ ಹೋಗ್ತಿದ್ರಿ. ಬುಧವಾರ ಬದುವಿನ ಮ್ಯಾಲೆ ನಿಂತು ಗೊತ್ತಾಗ್ತಿತ್ತು. ಇಲ್ಲ ಅಂತ ಇವತ್ತೇ ಗೊತ್ತಾತಲ್ರಿ. ಕೆಳಗ ನೋಡ್ರಿ, ಐದನೇ ಮಷಿನ್ನು ಬುಧವಾರ ಮಧ್ಯಾಹ್ನ ಖಾಲಿ ಐತೆ. ಮಾತಾಡ್ತಾ ನಿಂತ್ರೆ ಅದೂ ಹೋಗ್ತೈತೆ.”

ಹಿಂದೆ ನಿಂತವರೊಬ್ಬರು ನಕ್ಕರು. ಜಗಳಕ್ಕೆ ಬಂದವರು ನಗಲಿಲ್ಲ. ಆದರೆ ಹೆಬ್ಬೆರಳು ಪರದೆಯ ಮೇಲೆ ಇಳಿಯಿತು. ಸ್ವಲ್ಪ ಹೊತ್ತಿಗೆ ಯಾರಿಗೋ ಫೋನು ಮಾಡಿ, ಆಳುಗಳಿಗೆ ಬೆಳಗ್ಗೆಯಲ್ಲ, ಊಟ ಮಾಡಿಕೊಂಡು ಬರಲು ಹೇಳು ಎನ್ನುತ್ತ ಹೊರಗೆ ಹೋದರು.

ಏಳೂಕಾಲಕ್ಕೆ ಆಪಾ ಅವರ ಮೊಬೈಲ್ ಬಡಿದುಕೊಂಡಿತು. ಸಾವ್ಕಾರ್ರು. ಏನಾಯಿತು, ಗಲಾಟೆ ಏನಾದರೂ ಇದೆಯೇ ಎಂದು ಕೇಳುತ್ತಿದ್ದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು.

“ಒಬ್ರು ಮಷಿನ್ ಸಿಗಲಿಲ್ಲ ಅಂತ ಜಗಳಕ್ಕೆ ಬಂದಿದ್ರು,” ಎಂದರು ಆಪಾ. “ಸರಿ ನಡೀತೈತ್ರಿ.”